ಸಾವಿರದ ಎಂಟುನೂರರ ಕೆಳಗೆ

"ಪರ್ಫಾರ್ಮೆನ್ಸ್ ಹೇಗಿದೆ, ದಸ್ತಗೀರ್?"
ಎಂದರು ಚಂದ್ರಮತಿ ಮೇಡಂ,
ಚನ್ನರಾಯಪಟ್ಟಣ ಕೋರ್ಟಿನ ಬೆರಳಚ್ಚುಗಾರ್ತಿ,
ಹಾಸನದ ಬಿ.ಎಂ. ರಸ್ತೆಯ ನನ್ನ ಶೆಡ್ಡಿನಲ್ಲಿ ನಿಂತು.
ಉತ್ತರ ಇತ್ತು ನನ್ನ ಹತ್ತಿರ. ಉದ್ದದ್ದೇ ಇತ್ತು.
ಆದರೆ ಅದರ ಮೊದಲಕ್ಷರ ತುಟಿಗೆ ಅಂಟಿ
ತುಕ್ಕು ಹಿಡಿದ ಹ್ಯಾಂಡ್‌ಬ್ರೇಕಿನ ಹಾಗೆ ಬಿಡಲೇ ಇಲ್ಲ.
ಕೀಲಿ ಕೊಟ್ಟೆ. ನಡೀರಿ ಅಂತ ಕೈಯಲ್ಲೇ ತೋರಿಸಿದೆ.

ಹೆಸರಿಗೆ ಎಕ್ಸಿಕ್ಯುಟಿವ್ ಸೆಡಾನ್,
ಪಂಕ್ತಿಯಲ್ಲಿ ಕಡೇ ಎಲೆ.
ಗೊಬ್ಬರದ ಕಂಪನಿಯ ಸಾಹೇಬರೊಬ್ಬರದು,
ಡಿಕ್ಕಿ ತೆಗೆದರೆ ಇನ್ನೂ ಯೂರಿಯಾ ಘಾಟು.
ಹಿಂದಿನ ಗಾಜು ಕೈಯಲ್ಲಿ ತಿರುಗಿಸಬೇಕು.
ಡ್ಯಾಶ್‌ಬೋರ್ಡಿನಲ್ಲಿ ಗುಂಡಿ ಇರಬೇಕಾದ ನಾಲ್ಕು ಕಡೆ
ಬರೀ ಕರಿ ಮುಚ್ಚಳ.
ಜಾಸ್ತಿ ದುಡ್ಡು ಕೊಟ್ಟವರ ಕಾರಿನಲ್ಲಿ ಅಲ್ಲಿ ಏನೇನೋ ಇರುತ್ತೆ,
ಇಲ್ಲಿ ಅದರ ಜಾಗ ಇದೆ.
ಮೇಡಂ ಒಂದನ್ನು ಒತ್ತಿ ನೋಡಿದರು. ಏನೂ ಆಗಲಿಲ್ಲ.
ಇನ್ನೊಂದನ್ನೂ ಒತ್ತಿದರು.

ಬಾಳ್ಳುಪೇಟೆ ದಾಟುವ ತನಕ ಯಾವ ಕಾರೂ ಚೆನ್ನಾಗೇ ಓಡುತ್ತೆ.
ಐದನೇ ಗೇರು, ಎಂಬತ್ತು,
ಬಾಟಲಿಯೊಳಗಿನ ನೀರು ಕೂಡ ಕೂತಲ್ಲೇ ಕೂತಿತ್ತು.
ಸಪಾಟು ರಸ್ತೆಯಲ್ಲಿ ಡೀಸೆಲ್ ಗಾಡಿ ಪರೀಕ್ಷೆ ಮಾಡೋದು
ಸಂಬಳದ ದಿನ ಗಂಡಸಿನ ಗುಣ ನೋಡಿದ ಹಾಗೆ.
ಸಕಲೇಶಪುರದ ಸೇತುವೆ ಆಯಿತು, ದೋಣಿಗಾಲ್ ಇಳಿದೆವು,
ಮಾರನಹಳ್ಳಿಯಲ್ಲಿ ತಿರುಗಿಸಿ ವಾಪಸ್ ಏರು.

ಮುಂದೆ ಗ್ಯಾಸ್ ಟ್ಯಾಂಕರ್. ಎದುರು ರಸ್ತೆ ಖಾಲಿ.
ಮೇಡಂ ಕಾಲು ಒತ್ತಿದರು.

ಏನೂ ಇಲ್ಲ.

ಕರಿ ಮುಚ್ಚಳ ಒತ್ತಿದ ಹಾಗೆ.
"ಸತ್ತೇ ಹೋಯ್ತಾ?"
ಹಿಂದಿನ ಮಂಗಳೂರು ಬಸ್ಸು ಹಾರ್ನಿನ ಮೇಲೆ ಕೂತುಬಿಟ್ಟಿತು.

ಈ ಜಾಗ ನನಗೆ ಗೊತ್ತು.
ಕಾಲು ಹೇಳಿದ್ದು ಎಂಜಿನ್ನಿಗೆ ಕೇಳಿದೆ,
ಹೊಗೆ ಇನ್ನೂ ಟರ್ಬೋದ ಚಕ್ರ ಮುಟ್ಟಿಲ್ಲ, ಅಷ್ಟೇ.
ಮುಳ್ಳು ಸಾವಿರದ ನಾನೂರು, ಐನೂರು...
ಹಾಜರಿ ಕರೆಯುವ ಮೇಷ್ಟ್ರು "ದಸ್ತಗೀರ್" ಎಂದು
ಒಂದು ಸಲ ತಲೆಯೆತ್ತಿ "ದೇವರಾಜೇಗೌಡ" ಎನ್ನುತ್ತಿದ್ದರು.
ನಾನಿನ್ನೂ "ಹಾ"ದಲ್ಲೇ ಇರುತ್ತಿದ್ದೆ.
ಐದನೇ ಕ್ಲಾಸಿನಲ್ಲಿ ನೂರ ಹನ್ನೊಂದು ದಿನ
ಮೂರನೇ ಬೆಂಚಿನ ಮೇಲೆ ಕೂತುಕೊಂಡೇ ಗೈರುಹಾಜರಾದೆ.
ದೊಡ್ಡವನಾದ ಮೇಲೆ ಜನ ಒಳ್ಳೆಯವರು,
ನನ್ನ ಮಾತು ತಾವೇ ಮುಗಿಸಿಕೊಡುತ್ತಾರೆ.
"ಟ... ಟ..." ಎಂದರೆ "ಟಯರಾ?" ಎನ್ನುತ್ತಾರೆ.
ಟೀ ಕೇಳಲು ಹೋಗಿ
ಹೌದೆಂದು ತಲೆಯಾಡಿಸಿ ಟಯರು ಹೊತ್ತು ತಂದಿದ್ದೇನೆ.

ಎರಡು ಬೆರಳು ತೋರಿಸಿದೆ.
ಮೇಡಂ ಎರಡನೇ ಗೇರಿಗೆ ಇಳಿಸಿದರು.
ಸಾವಿರದ ಏಳುನೂರು. ಎಂಟುನೂರು.
ಸೀಟು ಬಂದು ಬೆನ್ನಿಗೆ ತಾಗಿತು,
ಬಾನೆಟ್ಟಿನ ಒಳಗಿಂದ ಸಣ್ಣ ಸೀಟಿ,
ಅಷ್ಟು ಹೊತ್ತು ತಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುತ್ತಾ
ಕಡೇ ಎಲೆಯ ಕಾರು ಟ್ಯಾಂಕರಿನ ಹದಿನಾಲ್ಕು ಚಕ್ರ ಹಿಂದೆ ಹಾಕಿ
ಮೂರನೆಯದಕ್ಕೆ ಬಿತ್ತು, ಏರು ಇದೆಯೆನ್ನುವುದನ್ನೇ ಮರೆತ ಹಾಗೆ.
"ಅಬ್ಬಾ," ಎಂದರು ಮೇಡಂ,
ಕೋರ್ಟಿನಲ್ಲಿ ಎಂದೂ ಟೈಪು ಮಾಡದ ಶಬ್ದ.

ದೋಣಿಗಾಲಿನ ಟೀ ಅಂಗಡಿ ಎದುರು ನಿಲ್ಲಿಸಿ
"ಬೆಳಿಗ್ಗೆ ಏನೋ ಹೇಳೋದಿತ್ತಲ್ಲ ನೀವು?"

ಇತ್ತು.
ಎ.ಸಿ. ಹಾಕಿದರೆ ಏರಿನಲ್ಲಿ ಅರ್ಧ ಜೀವ.
ಎಡಗಡೆ ಬುಶ್ ಕಿತ್ತಿದೆ.
ಲೀಟರಿಗೆ ಹತ್ತೊಂಬತ್ತು ಕೊಡುತ್ತೆ, ಮಾರುವವರು ಹೇಳುವ ಇಪ್ಪತ್ತಮೂರಲ್ಲ.
ಕಮಿಷನ್ನು ನನಗೂ ಬೇಕು, ಆದರೂ ಮೊದಲು ಹೇಳಬೇಕಾದ್ದು:
"ಕ್ಲ..." ಎಂದೆ.
"ಕ್ಲ..."

ಮೇಡಮ್ಮಿನ ಹತ್ತೂ ಬೆರಳು
ಸ್ಟೇರಿಂಗಿನ ಮೇಲೆ ಒಂದಂಗುಲ ಎದ್ದು ನಿಂತಿದ್ದವು,
ಸಾಕ್ಷಿ ಸುಮ್ಮನಾದಾಗ ಕೀಲಿಗಳ ಮೇಲೆ ನಿಲ್ಲುವ ಹಾಗೆ.
ತಮ್ಮ ಕಡೆಯಿಂದ ಒಂದಕ್ಷರ ಸೇರಿಸಲಿಲ್ಲ.
ನಾವು ಹಿಂದೆ ಹಾಕಿದ್ದ ಟ್ಯಾಂಕರು
ತೇಕುತ್ತಾ ಬಂದು ನಮ್ಮನ್ನು ದಾಟಿ ಹೋಯಿತು. ಬಸ್ಸೂ ಹೋಯಿತು.

"ಕ್ಲಚ್ಚು," ಎಂದೆ.

"ಹ್ಞೂಂ," ಎಂದರು. "ಆಮೇಲೆ?"